ದುಂಡಸಿಯ ಬಾಯ್ದೆರೆದ ಕುಣಿ

ಇಟಲಿಯ ಯುದ್ಧದಲ್ಲಿ ನಮ್ಮ ಸೀಮೆಯ ಹುಡುಗರೂ ಸತ್ತರು. ಇದು ನಿಮಗೆ ಗೊತ್ತಿರಬೇಕು. ಯುದ್ಧ ಮುಗಿದ ದಿನ ಪೇಡೆ ತಿಂದವರಿಗಂತೂ ಗೊತ್ತಿರಲೇಬೇಕು.

ದುಂಡಸಿಯ ಭರಮಪ್ಪ ಚಕ್ಕಡಿ ಹೊಡೆಯುವವ. ಅಕ್ಕಿಆಲೂರಿನ ಗಿರಣಿಗೆ ಭತ್ತ ಹೇರುವುದು ಅವನ ಕಸುಬು. ಅದೇ ಓಣಿಯ ಪರಮೇಶಪ್ಪನೂ ಅವನೂ ಕೂಡಿಯೇ ದಂಡಿಗೆ ಹೋದರು. ಇಬ್ಬರ ಕೈಗೂ ಸರ್ಕಾರ ಕೊಟ್ಟದ್ದು ಹೇಸರಗತ್ತೆಯ ಹಗ್ಗ.

"ಎತ್ತಿನ ಮಾತು ಬಲ್ಲೆ. ಇದರ ಜೋಡಿ ಏನ್ ಮಾತಾಡಬೇಕಲೇ?" ಅಂದ ಭರಮಪ್ಪ.

"ಬೀಗರ ಜೋಡಿ ಮಾತಾಡಿದಂಗ ಮಾತಾಡು. ಒದೀತಾರ, ಆದ್ರ ಬಿಟ್ಟುಹೋಗೂದಿಲ್ಲ," ಅಂದ ಪರಮೇಶಪ್ಪ.

ನಲವತ್ನಾಲ್ಕರಲ್ಲಿ ಅವರ ದಂಡು ಇಟಲಿಯ ಒಂದು ಗುಡ್ಡದ ಮೇಲೆ ಬಿಡಾರ ಮಾಡಿತು. ಗುಡ್ಡದ ನೆತ್ತಿಯಲ್ಲಿ ಕ್ರೈಸ್ತ ಸನ್ಯಾಸಿಗಳ ಹಳೆಯ ಮಠ. ಉಳಿದಿದ್ದವ ಒಬ್ಬನೇ ಮುದುಕ. ಮಠದ ಗೋಡೆಯ ಬುಡದಿಂದ ಕಲ್ಲಿನ ಮೆಟ್ಟಿಲು ಇಳಿದರೆ, ಎರಡು ಬಂಡೆಗಳ ನಡುವೆ ಒಂದು ಸಣ್ಣ ಕಡಲದಂಡೆ. ದೋಣಿ ಇಲ್ಲ, ಹಕ್ಕಿಯ ಸದ್ದೂ ಇಲ್ಲ. ನೀರು ನಮ್ಮ ಕೆರೆಯ ನೀರಿನ ಹಾಗೆ ನಿಂತೇ ಇತ್ತು. ಕತ್ತೆಗಳ ಮೈ ತೊಳೆಯಲು ಇಬ್ಬರೂ ಇಳಿದರು. ಮುಂದಿನ ಕತ್ತೆ ಮರಳಲ್ಲಿ ಹುಗಿದಿಟ್ಟ ಬಾಂಬಿನ ಮೇಲೆ ಕಾಲಿಟ್ಟಿತು. ಒಂದು ಚೂರು ಪರಮೇಶಪ್ಪನ ಎದೆಗೆ ಹೊಕ್ಕಿತು. ಗಾಯ ಕವಡೆಯಷ್ಟು. ಜೀವ ಅಷ್ಟರಲ್ಲೇ ಹೋಗಿತ್ತು.

"ಸುಟ್ಟುಬಿಡು," ಅಂದ ಹವಾಲ್ದಾರ.

"ನಮ್ಮೊಳಗ ಸುಡೂದಿಲ್ರಿ ಸಾಹೇಬ್ರ. ಕುಣಿಯೊಳಗ ಕುಂದರಿಸ್ತೇವ್ರಿ."

ಹವಾಲ್ದಾರ ಕೈ ಬೀಸಿ ಹೋದ. ಭರಮಪ್ಪ ಊರಲ್ಲಿ ತೋಡುವ ಹಾಗೆಯೇ ಕುಣಿ ತೋಡಿದ. ನಮ್ಮ ಎರೆಮಣ್ಣಿನಲ್ಲಿ ಕುಣಿಯ ಗೋಡೆ ನಿಲ್ಲುತ್ತದೆ, ಅದರಲ್ಲಿ ಹೆಣ ಕುಂದರಿಸುವ ಗೂಡು ಕೊರೆಯಬಹುದು. ಮರಳು ನಿಲ್ಲಲಿಲ್ಲ, ಕೊರೆದಷ್ಟೂ ಕುಸಿಯಿತು. ಮರಳು ಅಗೆದರಿಯದವನಿಗೆ ಯಾರು ಹೇಳಬೇಕು? ಹಣೆಗೆ ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿ, ಗೆಳೆಯನನ್ನು ಕುಂದರಿಸಿ ಮರಳು ಎಳೆದ.

ಆ ರಾತ್ರಿ ಗಾಳಿ ಎದ್ದಿತು. ಬೆಳಕು ಹರಿದಾಗ ಭರಮಪ್ಪ ಕತ್ತೆ ಹಿಡಿದು ಇಳಿಯಹೋದ. ಕತ್ತೆ ಅರ್ಧ ಮೆಟ್ಟಿಲಲ್ಲೇ ನಿಂತು ನಡುಗಿತು. ಕೆಳಗೆ ಪರಮೇಶಪ್ಪ ಎದೆಯ ಮಟ ಹೊರಗೆ ಬಂದು, ಕಡಲ ಕಡೆ ಮುಖ ಮಾಡಿ ಕುಂತಿದ್ದ. ಬಾಯಿ ತುಂಬ ಮರಳು. ಮುಚ್ಚಿದ ಕಣ್ಣು ತೆರೆದಿದ್ದವು.

"ಲೇ ಪರಮ್ಯಾ," ಅಂದ ಭರಮಪ್ಪ. ಉತ್ತರ ಬಂದೀತೆಂದು ಹೆದರಿ ಬಾಯಿ ಮುಚ್ಚಿಕೊಂಡ.

ಹಿಂದೆ ಹೆಜ್ಜೆಯ ಸಪ್ಪಳ. ಆ ಮುದಿ ಸನ್ಯಾಸಿ. ಕುಂತ ಹೆಣ ಕಂಡು ಅವ ಬೆದರಲಿಲ್ಲ. ಪರಿಚಯದವನನ್ನು ಕಂಡವನ ಹಾಗೆ ತಲೆ ತೂಗಿ, ಬಾ ಎಂದು ಸನ್ನೆ ಮಾಡಿದ. ಭರಮಪ್ಪ ಗೆಳೆಯನನ್ನು ಕೂಸಿನಂತೆ ಬೆನ್ನಿಗೆ ಹಾಕಿಕೊಂಡು ಹತ್ತಿದ. ಮಠದ ಕೆಳಗೊಂದು ನೆಲಮನೆ. ಗೋಡೆಗುಂಟ ಕಲ್ಲಿನ ಪೀಠಗಳು. ಪ್ರತಿ ಪೀಠದ ಮೇಲೂ ಒಬ್ಬ ಸತ್ತ ಸನ್ಯಾಸಿ, ನಿಲುವಂಗಿಯೊಳಗೆ ಒಣಗಿ, ತಲೆ ಬಾಗಿಸಿ ಕುಂತಿದ್ದ. ತುದಿಯ ಪೀಠವೊಂದೇ ಖಾಲಿ. ಮುದುಕ ಅದನ್ನು ತೋರಿಸಿದ, ತನ್ನ ಎದೆ ಮುಟ್ಟಿಕೊಂಡ, ಆಮೇಲೆ ಪರಮೇಶಪ್ಪನನ್ನು ತೋರಿಸಿದ. ತನಗಾಗಿ ಇಟ್ಟುಕೊಂಡ ಜಾಗ ಬಿಟ್ಟುಕೊಟ್ಟಿದ್ದ.

ಹೊರಗೆ ಬರುವಾಗ ಭರಮಪ್ಪ ತಿರುಗಿ ನೋಡಿದ. ಯಾರು ತಮ್ಮವ, ಯಾರು ಅವರವ, ಆ ಮಬ್ಬಿನಲ್ಲಿ ತಟ್ಟನೆ ಗುರುತು ಹತ್ತಲಿಲ್ಲವಂತೆ.

ಭರಮಪ್ಪ ಊರಿಗೆ ಬಂದ ದಿನ ಪರಮೇಶಪ್ಪನ ತಾಯಿ ಶಂಕ್ರವ್ವ ಅಳಲಿಲ್ಲ.

"ಕುಂದರಿಸಿದ್ಯೋ, ಮಲಗಿಸಿದ್ಯೋ?"

"ಕುಂದರಿಸೇನಿ ಎವ್ವಾ."

"ಮಣ್ಣು ಹಾಕಿದ್ಯಾ?"

ಕಲ್ಲಿನ ಪೀಠದ ಮೇಲೆ ಕುಂತವನಿಗೆ ಮಣ್ಣು ಹಾಕುವುದು ಹೇಗೆ? ಭರಮಪ್ಪ ಆ ನೆಲಮನೆಯ ಸಂಗತಿಯನ್ನೆಲ್ಲ ಹೇಳಿದ.

"ಹಂಗಾದ್ರ ನನ್ನ ಮಗ ಇನ್ನೂ ಕಾಯಾಕತ್ತಾನ," ಅಂದಳು ಮುದುಕಿ.

ಅವಳ ಹೊಲದ ಬದುವಿನಲ್ಲಿ ಭರಮಪ್ಪ ಹೊಸ ಕುಣಿ ತೋಡಿದ. ಗೂಡು ಕೊರೆದು ಅದರೊಳಗೆ ಪರಮೇಶಪ್ಪನ ರುಮಾಲು ಇಟ್ಟ. ಊರಿನವರು ಬಂದು ಒಂದೊಂದು ಹಿಡಿ ಮಣ್ಣು ಹಾಕಿದರೆ ಮುಗಿಯಿತು. ಮನೆಮನೆಗೆ ಹೋಗಿ ಕರೆದ. ಹಿರಿಯ ಮೈಲಾರಲಿಂಗಪ್ಪ ಕಟ್ಟೆಯ ಮೇಲಿಂದ ಇಳಿಯಲೇ ಇಲ್ಲ.

"ಖಾಲಿ ಕುಣಿಗೆ ಮಣ್ಣು ಹಾಕಿದ್ರ ಅದು ಇನ್ನೊಬ್ಬರನ್ನ ಬೇಡ್ತೈತಿ. ನಿನ್ನ ಗೆಳ್ಯಾ ಅಲ್ಲಿ ಅನ್ಯಜಾತಿಯವರ ಸಾಲಿನ್ಯಾಗ ಕುಂತಾನ. ಅವರೇ ಹಾಕ್ಲಿ."

"ಅವರು ಜಾಗಾನರ ಕೊಟ್ರು, ಯಜಮಾನ್ರ. ನೀವು ಒಂದ್ ಹಿಡಿ ಮಣ್ಣು ಕೊಡಾಕ ಒಲ್ಲಿರಿ."

ಯಾರೂ ಬರಲಿಲ್ಲ. ಕುಣಿ ತೆರೆದೇ ಇದೆ. ಮಳೆಗಾಲದಲ್ಲಿ ತುಂಬುತ್ತದೆ, ನೀರು ಆ ಕಡಲದಂಡೆಯ ಹಾಗೆ ಅಲುಗದೆ ನಿಲ್ಲುತ್ತದೆ. ಭರಮಪ್ಪನ ಎತ್ತುಗಳು ಆ ಬದುವಿನ ಹತ್ತಿರ ಬಂದರೆ ಕಾಲು ಕಿತ್ತಿಡುವುದಿಲ್ಲ. ದನ ಕಾಯುವವರು ನೀರಿನ ಮಟ್ಟದಲ್ಲಿ ಕುಂತವನೊಬ್ಬನ ನೆತ್ತಿ ಕಂಡಿದ್ದಾರಂತೆ. ಶಂಕ್ರವ್ವ ಮಾತ್ರ ಹೆದರುವುದಿಲ್ಲ. ದಿನಾ ಹೋಗಿ ದಂಡೆಯ ಮೇಲೆ ರೊಟ್ಟಿ ಇಡುತ್ತಾಳೆ. ಈಗ ಅವಳಿಗೆ ನಡೆಯಲು ಆಗುವುದಿಲ್ಲ. ಭರಮಪ್ಪ ಚಕ್ಕಡಿಯಲ್ಲಿ ಒಯ್ಯುತ್ತಾನೆ. ಬದುವಿಗೆ ಮೊದಲೇ ಕೊಳ್ಳ ಹರಿದು ಎತ್ತು ಬಿಟ್ಟು, ಮುದುಕಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗುತ್ತಾನೆ. ಅವ ಒಬ್ಬನೇ ಮಣ್ಣು ಎಳೆದು ಮುಚ್ಚಬಹುದಿತ್ತು. ಮುದುಕಿ ಬಿಡುವುದಿಲ್ಲ. "ಊರು ಹಾಕಬೇಕು, ಅವ ಊರಿನ ಮಗ," ಅನ್ನುತ್ತಾಳೆ. ತಾನು ಸಾಯುವುದರೊಳಗೆ ಅದನ್ನು ನೋಡಬೇಕಂತೆ.

ದೇಶ ಸ್ವತಂತ್ರವಾಯಿತೆಂದು ಮೊನ್ನೆ ನೀವು ಅದೇ ಬದುವಿನ ಪಕ್ಕದಲ್ಲಿ ಜೈಕಾರ ಹಾಕುತ್ತ ಹೋದಿರಿ. ಕುಣಿಯನ್ನು ಸುತ್ತಿ ಹೋದ ಕಾಲ್ದಾರಿ ನಿಮ್ಮ ಕಾಲಿನದೇ.

ಬರುವ ಸೋಮವಾರ ಆ ದಾರಿ ಬಿಟ್ಟು ನೆಟ್ಟಗೆ ಬನ್ನಿ. ಮುದುಕಿ ಉಸಿರಾಡುತ್ತಿರುವಾಗಲೇ ಬನ್ನಿ. ಬಗ್ಗಿ, ಒಂದು ಹಿಡಿ ಮಣ್ಣು ಹಾಕಿ.