ಮಾದಮ್ಮನ ಸಿಮೆಂಟು ಗುಡ್ಡೆ

ಎದುರಿನ ಸೈಟಿನಲ್ಲಿ ಗಾರೆಯವನು ಇವತ್ತು ಬೆಳಿಗ್ಗೆ ಸಿಮೆಂಟ್ ಚೀಲದ ಹೊಟ್ಟೆಗೆ ಕರಣೆ ಹಾಕಿದ. ಧೂಳು ರಸ್ತೆ ದಾಟಿ ಬಂದು ನನ್ನ ಕಾಫಿಯಲ್ಲಿ ಕೂತಿತು. ಬೇರೆಯವರಾದರೆ ಬೈಯುತ್ತಿದ್ದರು. ನಾನು ಮೂಗರಳಿಸಿ ಕೂತೆ. ಏನು ಮಾಡಲಿ ಹೇಳಿ, ಆ ವಾಸನೆಯಲ್ಲೇ ಅನ್ನ ಕಂಡವನು ನಾನು.

ಹಿಂದೊಮ್ಮೆ ನಾನು ಚಾಮರಾಜನಗರದ ಕಡೆಯ ಬದನಗುಪ್ಪೆಯ ಹತ್ತಿರ ಒಂದು ಪುಟ್ಟ ಸಿಮೆಂಟ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಧೂಳೆಲ್ಲ ಪಕ್ಕದ ಹೊಲಗಳ ಮೇಲೆ ಕೂತು, ರೈತರು ಗೇಟಿಗೆ ಬಂದು ಜಗಳವಾಡಿದ್ದರು. ಮಾಲೀಕರು ನನ್ನನ್ನು ಮೈಸೂರಿಗೆ ಮೂರು ದಿನದ ತರಬೇತಿಗೆ ಅಟ್ಟಿದರು. ವಿಷಯ ಜಪಾನಿನವರ ‘ಲೀನ್’ ಪದ್ಧತಿ. ಅಂದರೆ ಬೇಡದ ಕೆಲಸ, ಬೇಡದ ಓಡಾಟ, ಚೆಲ್ಲಿಹೋಗುವ ಮಾಲು ಎಲ್ಲವನ್ನೂ ಹುಡುಕಿ ತೆಗೆಯುವುದು. ಊಟ ಚೆನ್ನಾಗಿತ್ತು. ವಾಪಸು ಬರುವಾಗ ಕೊರಳಲ್ಲಿ ಸ್ಟಾಪ್‌ವಾಚು, ತಲೆಯಲ್ಲಿ ಇಡೀ ಜಪಾನು. ಯಾವುದು ಎಲ್ಲಿರಬೇಕೆಂದು ನೆಲಕ್ಕೆಲ್ಲ ಹಳದಿ ಗೆರೆ ಎಳೆಸಿದೆ. ಸಂಜೆಯೊಳಗೆ ಅವು ಧೂಳಿನಡಿ ಮುಚ್ಚಿಹೋದವು. ಬೇಡದ ಕೆಲಸಗಳ ಪಟ್ಟಿ ಮಾಡಿದೆ. ಮೊದಲನೆಯದೇ ‘ಗುಡಿಸುವುದು, ಮಾದಮ್ಮ’.

ಮಾದಮ್ಮ ಚೀಲ ತುಂಬುವ ಕಡೆ ಎಂಟು ವರ್ಷದಿಂದ ಗುಡಿಸುತ್ತಿದ್ದವಳು. ಆ ದುಡಿಮೆಯಲ್ಲೇ ಮಗಳನ್ನು ಚಾಮರಾಜನಗರದಲ್ಲಿ ಓದಿಸುತ್ತಿದ್ದಳು. ಪಟ್ಟಿಯ ಸುದ್ದಿ ಹೇಗೋ ತಿಳಿದು, ಪೊರಕೆ ಹಿಡಿದೇ ಬಂದು ನನ್ನ ಮುಂದೆ ನಿಂತಳು.

“ಏನ್ ಸಾ, ನಿಮ್ ಗೆರೆ ನೋಡ್ಬುಟ್ಟು ಧೂಳು ನಿಂತ್ಕತಾ?”

ಸ್ಟಾಪ್‌ವಾಚ್ ಒತ್ತಿದೆ.

“ಎಲ್ಲಿಂದ ಬತ್ತದೆ ಅಂತ ನಂಗೊತ್ತು. ತೋರುಸ್ಬುಟ್ರೆ ನನ್ ಕೆಲ್ಸ ಒಂಟೋಯ್ತದಲ್ಲ ಸಾ?”

“ಹೋಗಲ್ಲ ಮಾದಮ್ಮ, ನಾನಿದ್ದೀನಿ” ಎಂದುಬಿಟ್ಟೆ. ಅಯ್ಯೋ, ಹಾಗೆ ಹೇಳುವ ಅಧಿಕಾರ ನನಗೆಲ್ಲಿತ್ತು!

ಅವಳು ಗುಡಿಸಿಟ್ಟ ಗುಡ್ಡೆಗಳನ್ನು ತೋರಿಸಿದಳು. ಬೆಳಗಿನದು ಒಂದು ಬುಟ್ಟಿಯಷ್ಟು, ಮಧ್ಯಾಹ್ನದ ಮೇಲಿನದು ಮಂಡಿಯೆತ್ತರ. “ಕೇರಳದ್ ಲಾರಿಯೋರು ಮೂರ್ಗಂಟೆಗೆ ಬಂದು ಪೇಂ ಪೇಂ ಅಂತ ಆರನ್ ಒಡೀತರೆ. ರಾತ್ರಿ ಆಯ್ತು ಅಂದ್ರೆ ಕಾಡಿನ್ ಗೇಟು ಮುಚ್ತರಲ್ಲ, ಅಷ್ಟ್ರೊಳಗೆ ಗುಂಡ್ಲುಪೇಟೆ ಆಚೆ ಮದ್ದೂರ್ ಚೆಕ್‌ಪೋಸ್ಟು ದಾಟ್ಬೇಕು. ಆ ಗಲಾಟೇಲಿ ನಮ್ಮೋರು ಸಿಮೆಂಟು ಸುರಿಯೋದು ನಿಲ್ಲಾಕ್ ಮುಂಚೇನೆ ಚೀಲ ಎಳ್ದುಬುಡ್ತರೆ. ಅವ್ರಿಗೆ ಬೆಳಿಗ್ಗೇನೆ ತುಂಬ್ಕೊಟ್ಟು ಕಳ್ಸಿ.”

ಅಷ್ಟೇ ನೋಡಿ. ಕೇರಳದ ಲಾರಿಗಳಿಗೆ ಬೆಳಿಗ್ಗೆಯೇ ಲೋಡು ಮಾಡಿದೆವು. ವಾರದೊಳಗೆ ನನ್ನ ಹಳದಿ ಗೆರೆಗಳು ಕಣ್ಣಿಗೆ ಬಿದ್ದವು.

ಮಾಲೀಕರು ನೆಲ ನೋಡಿ ಹಿಗ್ಗಿದರು. “ಇನ್ನು ಗುಡಿಸೋರು ಯಾಕೆ?” ಎಂದರು. ಮಾತು ಕೊಟ್ಟಿದ್ದೆನಲ್ಲ. “ಸಾರ್, ಧೂಳು ನಿಲ್ಲಿಸಿದ್ದು ನಾನಲ್ಲ, ಮಾದಮ್ಮ” ಎಂದು ನಡೆದದ್ದನ್ನೆಲ್ಲ ಒದರಿದೆ. ಅವರು ಅಲ್ಲೇ ಪೊರಕೆ ಹಿಡಿದು ನಿಂತಿದ್ದ ಅವಳನ್ನು ನೋಡಿ ನನ್ನತ್ತ ತಿರುಗಿದರು.

“ಹಾಗಾದ್ರೆ ನೀವಿಲ್ಲಿ ಏನ್ ಮಾಡ್ತಿದ್ದೀರಿ?”

ಮುಂದಿನ ತಿಂಗಳಿಂದ ಮಾದಮ್ಮ ಚೀಲ ತುಂಬುವ ವಿಭಾಗವನ್ನು ನೋಡಿಕೊಳ್ಳುವವಳು. ನಾನು ಗುಂಡ್ಲುಪೇಟೆಯ ಮಾರುಕಟ್ಟೆಗೆ ವರ್ಗವಾಗಿ, ಈರುಳ್ಳಿ ಲಾರಿಗಳ ಸಂದಿಯಲ್ಲಿ ನಮ್ಮ ಸಿಮೆಂಟ್ ಮಾರುವವನು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೂ ಅವಳ ಕೆಲಸ ಉಳಿಯಿತಲ್ಲ ಎಂದು ಒಳಗೊಳಗೇ ಸಂತೋಷವೂ ಆಯಿತು.

ಇವತ್ತು ಕಾಫಿ ಚೆಲ್ಲಿ ಎದುರಿನ ಸೈಟಿಗೆ ಹೋದೆ. ಗಾರೆಯವನಿಗೆ ಉಪದೇಶ ಮಾಡಲು ಬಾಯಿ ತೆರೆದವನು ತಡೆದುಕೊಂಡು, ಅಲ್ಲಿ ಗುಡಿಸುತ್ತಿದ್ದ ಹೆಂಗಸನ್ನು ಕೇಳಿದೆ: “ಎಲ್ಲಿ ಜಾಸ್ತಿ ಚೆಲ್ಲುತ್ತೆ ತಾಯಿ?”

“ನೀವ್ ನಿಂತಿರೋ ಜಾಗ್ದಲ್ಲೇ ಸಾ. ಒಸಿ ಆಚ್ಗೋಗಿ.”