ತಲೆಯ ಫೋಟೋ ತೆಗೆಸಲು ಔರಂಗಾಬಾದಿಗೆ

ಹತ್ತು ವರ್ಷದವಳಿದ್ದಾಗ ನನಗಿದ್ದ ಏಕೈಕ ಮಹದಾಸೆಯೆಂದರೆ ನನ್ನ ತಲೆಯ ಎಕ್ಸ್‌ರೇ ತೆಗೆಸಿಕೊಳ್ಳುವುದು. ತಿಂಗಳಿಗೆ ಎರಡು ಮೂರು ಸಲ ನನಗೆ ತಲೆ ಸಿಡಿಯುತ್ತಿತ್ತು. ಮೊದಲು ಕಣ್ಣ ಮುಂದೆ ಅಂಕುಡೊಂಕು ಮಿಂಚು, ಆಮೇಲೆ ಒಂದೇ ಪಕ್ಕಕ್ಕೆ ನೋವು, ಒಂದು ವಾಂತಿ, ಗಾಢ ನಿದ್ದೆ. ಎದ್ದ ಮೇಲೆ ಏನೂ ಆಗಿಲ್ಲದವಳಂತೆ ಕುಂಟಬಿಲ್ಲೆಗೆ ಓಡುತ್ತಿದ್ದೆ. ತಲೆಯೊಳಗಿನ ಫೋಟೋ ತಂದು ತೋರಿಸುತ್ತೇನೆಂದು ಇಡೀ ತರಗತಿಗೆ ಮಾತು ಕೊಟ್ಟಾಗಿತ್ತು. ಗಣಿತದ ಜಾಗ ಖಾಲಿ ಕಾಣುತ್ತದೆ ಎಂದ ಗೆಳತಿಯ ಜೊತೆ ನಾಲ್ಕು ದಿನ ಟೂ ಬಿಟ್ಟಿದ್ದೆ.

ಈ ಹುಚ್ಚಿಗೆ ಕಾರಣ ಅಪ್ಪ. ಕಲಬುರ್ಗಿ ಕಡೆಯಿಂದ ಬಂದು ನಾಸಿಕದ ಬಳಿಯ ಓಝರಿನ ವಿಮಾನ ಕಾರ್ಖಾನೆ ಸೇರಿದ್ದ ಅವರಿಗೆ ಎರಕ ಹೊಯ್ದ ಲೋಹದ ಭಾಗಗಳ ಎಕ್ಸ್‌ರೇ ತೆಗೆದು ಬಿರುಕು ಹುಡುಕುವ ಕೆಲಸ. ನಾಸಿಕದ ಡಾಕ್ಟರು ನನ್ನನ್ನು ನೋಡಿ ಸದ್ಯಕ್ಕೆ ಎಕ್ಸ್‌ರೇ ಬೇಡವೆಂದಾಗ ಅಪ್ಪ ಒಪ್ಪಲೇ ಇಲ್ಲ.

"ಹೊರಗಿಂದ ಎಲ್ಲಾ ಛಲೋನೇ ಕಾಣ್ತದ. ಒಳಗಿಂದು ಫಿಲಂ ತೆಗದ್ರೇ ಗೊತ್ತಾಗ್ತದ" ಎಂದರು.

ನನ್ನ ತಲೆಯಲ್ಲಿ ಗಡ್ಡೆ ಬೆಳೆಯುತ್ತಿದೆಯೆಂಬ ಭಯ ಅವರ ಪ್ರಾಣ ಹಿಂಡುತ್ತಿತ್ತು. ಊಟ ಅರ್ಧಕ್ಕೆ ಇಳಿದಿತ್ತು. ನಾನು ಹೊಸ್ತಿಲು ಎಡವಿದರೂ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಔರಂಗಾಬಾದಿನಲ್ಲಿ ಮಕ್ಕಳನ್ನು ಬಹಳ ಹೊತ್ತು ಕೂರಿಸಿಕೊಂಡು ನೋಡುವ ಲೇಡಿ ಡಾಕ್ಟರೊಬ್ಬರಿದ್ದಾರೆಂದು ಯಾರೋ ಹೇಳಿದ್ದೇ ತಡ, ಅಪ್ಪ, ಅವ್ವ, ನಾನು ಮೂವರೂ ಬೆಳಗಿನ ಎಸ್‌ಟಿ ಬಸ್ಸು ಹತ್ತಿದೆವು.

ಶಾಲೆಗೆ ರಜೆ, ಕಿಟಕಿ ಪಕ್ಕದ ಸೀಟು, ನಿಫಾಡಿನಲ್ಲಿ ಅಪ್ಪ ಕೊಡಿಸಿದ ಒಂದು ಪೊಟ್ಟಣ ದ್ರಾಕ್ಷಿ! ಕಾಯಿಲೆ ಬಿದ್ದವರಿಗೆ ಇಷ್ಟು ಸುಖವಿರುತ್ತದೆಂದು ಮೊದಲೇ ಗೊತ್ತಿದ್ದರೆ ಇನ್ನೂ ಬೇಗ ಬೀಳುತ್ತಿದ್ದೆ. ಹಾಡಿದೆ, ಕಂಡಕ್ಟರನ ಸೀಟಿಯನ್ನು ಅಣಕಿಸಿದೆ, ಹಿಂದಿನ ಸೀಟಿನವರಿಗೆಲ್ಲ ನನ್ನ ರೋಗದ ಲಕ್ಷಣ ವಿವರಿಸಿದೆ. ಊರಿಗೊಮ್ಮೆ ಅಪ್ಪ ನನ್ನ ಹಣೆ ಮುಟ್ಟಿ "ಈಗ ಏನರ ಆಗ್ಲಿಕತ್ತದೇನು?" ಎನ್ನುವರು. ಏನೂ ಆಗುತ್ತಿರಲಿಲ್ಲ, ನನಗೇ ನಾಚಿಕೆಯಾಗುವಷ್ಟು ಚೆನ್ನಾಗಿದ್ದೆ. ಅವ್ವ ಸೆರಗನ್ನು ಮುಖದ ಮೇಲೆಳೆದುಕೊಂಡು ಕೂತಿದ್ದಳು. ಬಸ್ಸಿನ ಹೊಗೆ ಅವಳಿಗೆ ಆಗಿಬರುವುದಿಲ್ಲವೆಂದು ನಾವು ತಿಳಿದುಕೊಂಡಿದ್ದೆವು.

ಡಾಕ್ಟರು ಬಿಳಿಗೂದಲಿನ ಮರಾಠಿ ಹೆಂಗಸು. ಸಣ್ಣ ದೀಪದ ಉಪಕರಣದಿಂದ ನನ್ನ ಕಣ್ಣಿನಾಳವನ್ನು ಬಹಳ ಹೊತ್ತು ನೋಡಿದರು. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಒಂದೇ ಗೆರೆಯ ಮೇಲೆ ನಡೆ ಎಂದರು. ಸರ್ಕಸ್ಸಿನ ತಂತಿಯ ಮೇಲಿದ್ದೇನೆಂದುಕೊಂಡು ಎರಡೂ ಕೈ ಚಾಚಿ ನಡೆದೆ, ಹೇಳದಿದ್ದರೂ ವಾಪಸೂ ಬಂದೆ. ಒಂಟಿಗಾಲಲ್ಲಿ ನಿಲ್ಲು ಎಂದಾಗ ನಿಂತವಳು, ಸಾಕೆಂದರೂ ಕಾಲಿಳಿಸಲಿಲ್ಲ. ಡಾಕ್ಟರು ನಗುತ್ತ ನನ್ನನ್ನು ಹಿಡಿದು ಕೂರಿಸಬೇಕಾಯಿತು.

ಆಮೇಲೆ ಪ್ರಶ್ನೆಗಳು. ನೋವು ನಿದ್ದೆಯಿಂದ ಎಬ್ಬಿಸುತ್ತದೆಯೇ? ದಿನದಿಂದ ದಿನಕ್ಕೆ ಏರುತ್ತಿದೆಯೇ? ಒಂದು ವಸ್ತು ಎರಡಾಗಿ ಕಾಣುತ್ತದೆಯೇ? ಎಲ್ಲಕ್ಕೂ ಇಲ್ಲ ಎಂದು ಹೇಳಿ ಹೇಳಿ, ಫೋಟೋ ಕೈತಪ್ಪುತ್ತಿದೆಯೆಂದು ನನಗೆ ದಿಗಿಲಾಯಿತು.

"ಘರಾತ ಆಣಖೀ ಕುಣಾಚಂ ಡೋಕಂ ದುಖತಂ ಕಾ?"

ಮನೆಯಲ್ಲಿ ಇನ್ನಾರಿಗಾದರೂ ತಲೆನೋವಿದೆಯೇ ಎಂದು. ಅಪ್ಪ ತಟ್ಟನೆ ಇಲ್ಲವೆಂದರು. ಅವ್ವನ ಮರಾಠಿ ತರಕಾರಿ ಗಾಡಿಯಿಂದಾಚೆ ಹೋಗಿರಲಿಲ್ಲವಾದ್ದರಿಂದ ನಾನು ರೂಢಿಯಂತೆ ಅವಳಿಗೆ ಕನ್ನಡದಲ್ಲಿ ಹೇಳಿದೆ.

"ನನಗ ಬರ್ತದಲ್ಲ. ಇಕಿಗಿ ಬಂದಂಗೇ" ಎಂದಳು ಅವ್ವ.

ಅಪ್ಪ ಅವಳ ಕಡೆ ತಿರುಗಿದರು. "ಯಾವಾಗಿಂದ?"

"ಮದಿವಿಗಿಂತ ಮೊದಲಿಂದ."

"ನನಗ ಗೊತ್ತೇ ಇಲ್ಲಲ್ಲ!"

"ಕೆಲಸೇನು ನಿಂತಿರಲಿಲ್ಲಲ್ರಿ."

ನಾನು ಅಷ್ಟನ್ನೂ ಮರಾಠಿಗೆ ತಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಇದು ತಾಯಿಯಿಂದ ಬಂದ ಅರೆತಲೆನೋವು, ಕಣ್ಣು, ನಡಿಗೆ ಎಲ್ಲ ಸರಿಯಿದೆ, ಎಕ್ಸ್‌ರೇ ಬೇಡ ಎಂದರು. ಎಕ್ಸ್‌ರೇಯಲ್ಲಿ ಬುರುಡೆಯ ಎಲುಬು ಕಾಣುತ್ತದೆಯೇ ಹೊರತು ಅದರೊಳಗಿನದು ಕಾಣುವುದಿಲ್ಲವಂತೆ. ಕಾರ್ಖಾನೆಯಲ್ಲಿ ತಾನು ಲೋಹದ ಒಳಗಿನ ಬಿರುಕನ್ನೂ ಫಿಲಂನಲ್ಲೇ ಹುಡುಕುತ್ತೇನಲ್ಲ ಎಂದರು ಅಪ್ಪ. "ನಿಮ್ಮ ಲೋಹಕ್ಕೆ ಬಾಯಿಲ್ಲ, ಫಿಲಂ ಬೇಕು. ಇವಳನ್ನು ಕೇಳಿದರೆ ಇವಳೇ ಹೇಳುತ್ತಾಳೆ" ಎಂದು ಅಪ್ಪನಿಗೆ ತಿಳಿಸಿದರು. ನೋವಿನ ರೀತಿ ಬದಲಾದರೆ, ಬೆಳಿಗ್ಗೆ ಏಳುತ್ತಲೇ ವಾಂತಿಯಾದರೆ, ನಡಿಗೆ ತೂರಾಡಿದರೆ ಮಾತ್ರ ತಡಮಾಡದೆ ಕರೆತರಬೇಕು. ಅಪ್ಪ ಅದನ್ನು ಮಗ್ಗಿಯಂತೆ ಎರಡು ಸಲ ಒಪ್ಪಿಸಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರ ಎದೆಯಿಂದ ಕಲ್ಲು ಇಳಿದದ್ದು ನನಗೂ ಕಂಡಿತು. ಆದರೂ ನಾನು ಗೊಳೋ ಎಂದು ಅತ್ತೆ. ರೋಗವಿಲ್ಲವೆಂದು ಹೇಳಿಸಿಕೊಂಡು ಅತ್ತ ರೋಗಿ ಆ ಡಾಕ್ಟರಿಗೆ ನಾನೊಬ್ಬಳೇ ಇರಬೇಕು.

ಡಾಕ್ಟರು ನನ್ನನ್ನು ಕುರ್ಚಿಯಿಂದೆಬ್ಬಿಸಿ ಅವ್ವನನ್ನು ಕೂರಿಸಿದರು. ನಾನು ಮೂಗೊರೆಸಿಕೊಂಡು ದುಭಾಷಿಯಾದೆ. ಮೊದಲು ಮಿಂಚು ಬರುತ್ತದೆ ಎಂದಳು ಅವ್ವ. "ನನಗೂ!" ಎಂದು ಕುಣಿದೆ. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತದೆ ಎಂದಳು. "ನನಗೂ, ನನಗೂ!" ಬೆಳಕು ಸೂಜಿಯಂತೆ ಚುಚ್ಚುತ್ತದೆ ಎಂದಳು. ಮರಾಠಿ ಮರೆತು ಅವಳ ಕೊರಳಿಗೆ ಜೋತುಬಿದ್ದೆ. ನನ್ನ ತಲೆಯೂ ಅವ್ವನ ತಲೆಯೂ ಒಂದೇ! ಇಂಥ ಖುಷಿ ನನಗೆ ಯಾವ ಬಹುಮಾನದಿಂದಲೂ ಆಗಿರಲಿಲ್ಲ. ಅವ್ವನೂ ನಕ್ಕಳು, ನಗುತ್ತ ನಗುತ್ತ ಮೆಲ್ಲಗೆ ನನ್ನ ಕೈ ಬಿಡಿಸಿದಳು.

ಅದನ್ನು ಅಪ್ಪ ಕಂಡರು. "ಈಗೂ ಅದ ಏನು?" ಎಂದು ಕೇಳಿದರು.

"ಬಸ್ ಹತ್ತಿದಾಗಿಂದ ಅದ" ಎಂದಳು.

ಅಪ್ಪ ಎದ್ದರು. ಡಾಕ್ಟರನ್ನು ಒಂದು ಮಾತೂ ಕೇಳದೆ ಅವರ ಕೋಣೆಯ ಟ್ಯೂಬ್‌ಲೈಟ್ ಆರಿಸಿದರು, ಕಿಟಕಿಯ ಪರದೆ ಎಳೆದರು. ಡಾಕ್ಟರು ಆ ಮಬ್ಬಿನಲ್ಲೇ ಕಣ್ಣು ಕಿರಿದು ಮಾಡಿಕೊಂಡು ಅವ್ವನಿಗೆ ಔಷಧಿ ಬರೆಯತೊಡಗಿದರು.