ಜೈನಾಬಿಗೆ ಒಂದು ಜಗಳ ಬೇಕಾಗಿತ್ತು

ಕಳೆದ ತಿಂಗಳು ನನ್ನ ಹೆಂಡತಿ ಕಾಳಮ್ಮ ಪಕ್ಕದ ಮನೆಯ ಜೈನಾಬಿಗೆ ಬಾಯಿಗೆ ಬಂದಂತೆ ಬೈದಳು. ಬೈಸಿಕೊಂಡ ಜೈನಾಬಿ ಖುಷಿಯಿಂದ ಕಣ್ಣೊರೆಸಿಕೊಂಡಳು. ಬೀದಿಗೆ ಬೀದಿಯೇ ಹಬ್ಬ ಬಂದಂತೆ ನಕ್ಕಿತು.

ನಂಬುವುದಿಲ್ಲವೇ? ಹಿತ್ತಲಲ್ಲಿ ಉಳಿ ಹಿಡಿದು ನಿಂತು ಕಣ್ಣಾರೆ ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ.

ಶ್ರೀರಂಗಪಟ್ಟಣದ ಕೋಟೆಯಾಚೆಗಿನ ನಮ್ಮ ಗಂಜಾಂ ನಿಮಗೆ ಗೊತ್ತೇ ಇದೆ. ಈಚಿನ ಯುದ್ಧದಲ್ಲಿ ಖಾಲಿಯಾಗಿ, ಆಮೇಲೆ ಮತ್ತೆ ಕಟ್ಟಿಕೊಂಡ ಪೇಟೆ. ನಾನು ಸುಲ್ತಾನರ ಕೋಟೆಯ ಕಾರ್ಖಾನೆಯಲ್ಲಿ ಗಾಡಿ ಚಕ್ರ ಮಾಡುವ ಬಡಗಿ. ನಮ್ಮ ಎಡಕ್ಕೆ ಪಾಲಹಳ್ಳಿಯಿಂದ ಬಂದ ಪುಟ್ಟಮ್ಮನ ಮನೆ. ಒಕ್ಕಲು ಮನೆತನ, ಒಂದು ಹಸು, ಒಂದು ಕರು, ಬೀದಿಯ ಆ ತುದಿಗೂ ಕೇಳಿಸುವ ಗಂಟಲು. ಬಲಕ್ಕೆ ಹತ್ತಿ ಹಿಂಜುವ ಹುಸೇನ್ ಸಾಬಿ, ಅವನ ಹೆಂಡತಿ ಜೈನಾಬಿ, ಮದುವೆ ಗೊತ್ತಾದ ಮಗಳು, ಒಂದು ಆಡು. (ಆಡನ್ನು ಮರೆಯಬೇಡಿ. ಈ ವಾರದ ಬರಹಕ್ಕೆ ಅದೇ ಕಾರಣ.)

ಪುಟ್ಟಮ್ಮನ ಕರು ನಮ್ಮ ಹಿತ್ತಲಿಗೆ ನುಗ್ಗಿ ಅವರೆ ಬಳ್ಳಿಗೆ ಬಾಯಿ ಹಾಕಿದರೆ ಏನಾಗುತ್ತದೆ? ಕಾಳಮ್ಮ ಸೆರಗು ಸಿಕ್ಕಿಸಿಕೊಂಡು ಮೋಟುಗೋಡೆಯ ಹತ್ತಿರ ಹೋಗುತ್ತಾಳೆ.

"ಏನಮ್ಮಿ ಪುಟ್ಟಿ, ಕರ ಕಟ್ಟಾಕಕ್ಕೆ ಅಗ್ಗ ಇಲ್ವಾ ನಿಮ್ಮನೇಲಿ?"

"ನಿನ್ ಬಳ್ಳಿ ನಮ್ ಗೋಡೆ ಮ್ಯಾಕೆ ಯಾಕಮ್ಮಿ ಅತ್ಕಂಡ್ ಬತ್ತದೆ?"

ಅಲ್ಲಿಂದ ಕಾಳಮ್ಮನ ತವರು ಕಿಕ್ಕೇರಿಯೂ ಪುಟ್ಟಮ್ಮನ ಪಾಲಹಳ್ಳಿಯೂ ಜಗಳಕ್ಕೆ ಇಳಿಯುತ್ತವೆ. ಊಟದ ಹೊತ್ತಿಗೆ ಎಲ್ಲ ಮುಗಿಯುತ್ತದೆ. ಸಂಜೆ ನಾನು ಕೆಲಸ ಮುಗಿಸಿ ಬಂದರೆ ಅದೇ ಪುಟ್ಟಮ್ಮ ನಮ್ಮ ನಡುಮನೆಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿರುತ್ತಾಳೆ.

ಸರಿ, ಜೈನಾಬಿಯ ಆಡು ಅದೇ ಬಳ್ಳಿ ತಿಂದರೆ?

"ಇರ್ಲಿ ಬುಡಿ ಬೀಬಿಯವ್ರೆ. ಮೂಕ್ ಪ್ರಾಣಿ, ಅದುಕ್ಕೇನ್ ಗೊತ್ತಾದದು?" ಕಾಳಮ್ಮನ ಮುಖದ ತುಂಬ ನಗು. ಕೈ ಮುಗಿಯುವುದೊಂದು ಬಾಕಿ. ಜೈನಾಬಿ ಆಡಿನ ಕಿವಿ ಹಿಡಿದು ತಲೆ ತಗ್ಗಿಸಿ ಹೋಗುತ್ತಾಳೆ. ಆಮೇಲೆ ಕಾಳಮ್ಮ ಒಳಗೆ ಬಂದು ನನಗೆ ಬೈಯಲು ಶುರು ಮಾಡುತ್ತಾಳೆ. ಜೈನಾಬಿಗೆ ಹೋಗಬೇಕಾದ ಬೈಗುಳವೆಲ್ಲ ನನ್ನ ಪಾಲಿಗೆ! ಇದ್ಯಾವ ನ್ಯಾಯ ಸ್ವಾಮಿ?

ಯಾಕೆ ಹೀಗೆ ಅಂತ ಕೇಳುತ್ತೀರಿ. "ಸರ್ಕಾರ ಅವರ ಮತದ್ದು, ನಮಗ್ಯಾಕೆ ಬೇಕು ತಕರಾರು" ಎಂದು ನಮ್ಮ ಬೀದಿಯಲ್ಲಿ ಒಂದು ಮಾತು ಓಡಾಡುತ್ತದೆ. ಮೊದಲು ಯಾರು ಹೇಳಿದರೋ ಗೊತ್ತಿಲ್ಲ, ಎಲ್ಲರೂ ಹೇಳುತ್ತೇವೆ. ಪಾಪ, ಹುಸೇನ್ ಸಾಬಿ ಅರಮನೆಯನ್ನು ನೋಡಿರುವುದು ನಾನು ನೋಡಿರುವಷ್ಟೇ ದೂರದಿಂದ. ಯುದ್ಧ ಮುಗಿದ ಮೇಲೆ ಮನೆ ಜಾಗಕ್ಕೆ ಅರ್ಜಿ ಹಾಕಲು ಹೋದಾಗ ಕಚೇರಿಯವರು ಇಬ್ಬರನ್ನೂ ಒಂದೇ ಹುಣಿಸೆ ಮರದ ಕೆಳಗೆ ಕಾಯಿಸಿದರು, ಇಬ್ಬರಿಗೂ ಒಂದೇ ದನಿಯಲ್ಲಿ ಗದರಿದರು. ಅಲ್ಲಿ ಭೇದಭಾವ ಇರಲಿಲ್ಲ, ಅದನ್ನು ಒಪ್ಪಬೇಕು. (ಅರ್ಜಿ, ಕಚೇರಿ, ತಕರಾರು: ಈ ಮಾತುಗಳೆಲ್ಲ ಅವರ ಕಡೆಯಿಂದ ಬಂದು ನಮ್ಮ ಬಾಯಲ್ಲಿ ಮಾಮೂಲಿಯಾಗಿವೆ. ಮಾತು ಮನೆಯೊಳಗೆ ಬಂತು, ಮನುಷ್ಯರು?)

ಬೆಳಿಗ್ಗೆ ಒಲೆ ಹಚ್ಚಲು ಕೆಂಡ ಬೇಕಾದಾಗಲೂ ಅಷ್ಟೇ. ಪುಟ್ಟಮ್ಮ ಬಂದರೆ "ಒಲೇಲೈತೆ, ತಗಂಡೋಗು". ಜೈನಾಬಿ ಬಂದರೆ ಕಾಳಮ್ಮ ತಾನೇ ಕೆಂಡವನ್ನು ಮಡಕೆ ಚೂರಿಗೆ ತುಂಬಿ, ಊದಿ, ಜಗಲಿಯ ತನಕ ತಂದುಕೊಡುತ್ತಾಳೆ. ಆಹಾ, ಎಂಥ ಮರ್ಯಾದೆ ಎಂದು ನಾನು ಬೀಗುತ್ತಿದ್ದೆ. ಅವಳನ್ನು ಜಗಲಿಯಲ್ಲೇ ನಿಲ್ಲಿಸಿದ್ದೇವೆ ಅನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ.

ಹೊಳೆಯುವಂತೆ ಮಾಡಿದವನು ಹುಸೇನ್ ಸಾಬಿ. ಅವನ ಮಗಳಿಗೆ ನಾಗಮಂಗಲದಲ್ಲಿ ಗಂಡು ಗೊತ್ತಾಗಿತ್ತು. ಮದುವೆ ಚಪ್ಪರ ನನ್ನದೇ ಕೆಲಸ ಎಂದು ಒಂದು ಸಂಜೆ ಕೇಳಲು ಹೋದೆ.

"ಸಾಬ್ರೆ, ಕಂಬಕ್ಕೆ ಮರ ತಂದಿಟ್ಟಿವ್ನಿ. ಯಾವತ್ತು ನೆಡನ?"

ಹುಸೇನ್ ಸಾಬಿ ಹತ್ತಿ ಹಿಂಜುವ ಬಿಲ್ಲನ್ನು ಕೆಳಗಿಟ್ಟ. ಗಡ್ಡದ ತುಂಬ ಅರಳೆ.

"ಚಪ್ಪರ ಬ್ಯಾಡ ಆಚಾರ್ರೆ. ಮದ್ವೆ ನಾಗಮಂಗಲ್ದಲ್ಲೇ ಆಗ್ಲಿ, ಅಣ್ಣನ ಮನೇಲಿ ಅಂತಾವ್ಳೆ ನಮ್ಮೋಳು. ಆಮ್ಯಾಕೆ ನಾವೂ ಆ ಕಡೀಕೇ ಒಂಟೋಗನ ಅಂತಾವ್ಳೆ."

ಯುದ್ಧದ ಮುಂಚಿನಿಂದಲೂ ಪಕ್ಕದಲ್ಲೇ ಇದ್ದವರು. ಊರು ಬಿಟ್ಟು ಓಡುವಾಗ ಎರಡೂ ಮನೆಯ ಗಂಟುಮೂಟೆ ಒಂದೇ ಗಾಡಿಯಲ್ಲಿ ಹೋಗಿತ್ತು.

"ಯಾಕ್ ಸಾಬ್ರೆ? ಇಲ್ಲಿ ಯಾರಾರ ಏನಾರ ಅಂದ್ರಾ?"

"ಯಾರೂ ಏನೂ ಅಂದಿಲ್ಲ. ಅದೇಯ ಅವಳ ಶಿಕಾಯತ್ತು, ಅವಳ ದೂರು." ಅವನು ನಕ್ಕ, ಆದರೆ ನಗುವಿನಲ್ಲಿ ಜೀವವಿರಲಿಲ್ಲ. "ಅವ್ಳು ಅನ್ನದು: ಇಷ್ಟ್ ವರ್ಸಾಯ್ತು, ಈ ಬೀದೀಲಿ ಒಬ್ರಾರ ನನ್ ಕುಟ್ಟೆ ಜಗಳ ಆಡವ್ರಾ? ಪುಟ್ಟಮ್ಮುಂಗೆ ಬಯ್ತಾರೆ, ನಂಗೆ ಕೈ ಮುಗೀತಾರೆ. ಮಗಳ ಮದ್ವೇಲಿ ಯಾರ್ನ ಅಕ್ಕ ತಂಗಿ ಅಂತ ಕರ್ದು ಪಕ್ಕದಲ್ಲಿ ನಿಲ್ಲಿಸ್ಕಳ್ಳಿ, ಅಂತ ಅಳ್ತಾಳೆ. ಯಾ ಅಲ್ಲಾ, ನಾನೇನ್ ಜವಾಬು ಕೊಡ್ಲಿ?"

ಮನೆಗೆ ಬಂದು ಕಾಳಮ್ಮನಿಗೆ ಹೇಳಿದೆ.

"ಒಂಟೋಯ್ತಾಳಾ?" ಅಂದಳು. ಆಮೇಲೆ, "ಜಗಳ ಯೋಳ್ಕೊಟ್ಟು ಆಡ್ಸಕಾದದಾ? ಕ್ವಾಪ ಬರ್ಬೇಕಲ್ವಾ?"

ಆದರೂ ಪ್ರಯತ್ನ ಪಟ್ಟಳು, ಅದನ್ನು ಹೇಳಲೇಬೇಕು. ಮಾರನೆಯ ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು, ಉಸಿರು ತುಂಬಿಕೊಂಡು ಬಲಗಡೆಯ ಮೋಟುಗೋಡೆಯ ಹತ್ತಿರ ಹೋದಳು. "ಬೀಬಿಯವ್ರೆ, ನಿಮ್ ಕೋಳಿ ಐತಲ್ಲ... ಅದು ಒಸಿ..." ಜೈನಾಬಿ ಆಸೆಯಿಂದ ತಿರುಗಿ ನೋಡಿದಳು. "ಅದು ಒಸಿ... ಚೆಂದಾಗ್ ಕೂಗ್ತದೆ" ಅಂದುಬಿಟ್ಟಳು ನನ್ನ ಹೆಂಡತಿ. ಜೈನಾಬಿ "ಔದಾ" ಎಂದು ಒಳಗೆ ಹೋದಳು. ಅಷ್ಟು ವರ್ಷದ ಅಭ್ಯಾಸ, ಬಾಯಿ ತಿರುಗಬೇಡವೇ?

ಮುಂದಿನ ವಾರ ಕಾಳಮ್ಮ ಬೂದುಗುಂಬಳದ ಸಂಡಿಗೆ ಮಾಡಿದಳು. ಇನ್ನೂ ಕತ್ತಲಿರುವಾಗಲೇ ಎದ್ದು ತುರಿದು, ಮೆಣಸಿನಕಾಯಿ ಕುಟ್ಟಿ, ಹಿತ್ತಲಿನಲ್ಲಿ ನನ್ನ ಹಳೆಯ ಪಂಚೆ ಹಾಸಿ ಒಣಗಲು ಇಟ್ಟಳು. ಕಾರ್ಖಾನೆಯ ಕೆಲಸವನ್ನು ಮನೆಗೆ ತಂದು ನಾನು ಪಕ್ಕದಲ್ಲೇ ಚಕ್ರದ ಅರೆಕಾಲು ಕಡ್ಡಿಗಳನ್ನು ಕೆತ್ತುತ್ತಿದ್ದೆ. ಕಾಳಮ್ಮ ನೀರು ಕುಡಿಯಲು ಒಳಗೆ ಹೋದಳು.

ಆಗ ಗೋಡೆಯಾಚೆ ಜೈನಾಬಿ ಬಂದಳು. ನಾನು ಮರದ ರಾಶಿಯ ಹಿಂದಿದ್ದೆ, ಅವಳಿಗೆ ಕಾಣಲಿಲ್ಲ. ಅತ್ತ ನೋಡಿದಳು, ಇತ್ತ ನೋಡಿದಳು. ಆಡಿನ ಹಗ್ಗ ಬಿಚ್ಚಿದಳು. ಗೋಡೆ ಕುಸಿದಿದ್ದ ಕಡೆಗೆ ಅದನ್ನು ಎಳೆದು ತಂದು, ಬೆನ್ನ ಮೇಲೆ ಒಂದು ಏಟು ಕೊಟ್ಟಳು. ಆಡು ಈ ಕಡೆ ಹಾರಿತು. ಜೈನಾಬಿ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತ ನಿಂತಳು.

ನಾನು ಓಡಿಸಬಹುದಿತ್ತು. ಓಡಿಸಲಿಲ್ಲ. (ಸುಮ್ಮನಿದ್ದು ಮನೆಗೆ ಉಪಕಾರ ಮಾಡುವ ಅವಕಾಶ ಗಂಡಸರಿಗೆ ಸಿಗುವುದೇ ಅಪರೂಪ.)

ಕಾಳಮ್ಮ ಹೊರಗೆ ಬಂದಳು. ಆಡನ್ನು ನೋಡಿದಳು, ಸಂಡಿಗೆ ನೋಡಿದಳು, ಜೈನಾಬಿಯನ್ನು ನೋಡಿದಳು. ತುಟಿ ಅಲುಗಿತು. "ಇರ್ಲಿ ಬುಡಿ" ಅಂದೇಬಿಡುತ್ತಾಳೆ ಎಂದು ನಾನು ಹಲ್ಲು ಕಚ್ಚಿದೆ. ಅಷ್ಟರಲ್ಲಿ ಆಡು ಪಂಚೆಯ ನಟ್ಟನಡುವೆ ನಿಂತು ಹಿಕ್ಕೆ ಹಾಕಿತು.

"ಅಯ್ಯೋ ನಿನ್ನಾಡಿನ್ ಮನೆ ಆಳಾಗ! ಲೇ ಜೈನಿ! ಕಣ್ಣೇನ್ ಇಂಗೋಗವಾ ನಿಂಗೆ? ಕೋಳಿ ಕೂಗಕ್ಕೆ ಮುಂಚೆ ಎದ್ದು ಸ್ವಂಟ ಮುರ್ಕಂಡು ಮಾಡಿವ್ನಿ, ನಿನ್ನಾಡ್ಗೆ ಎಡೆ ಇಕ್ಕಕ್ಕಾ ನಾನು?"

ಬೀದಿ ಗಪ್‌ಚುಪ್. ಹುಸೇನ್ ಸಾಬಿಯ ಬಿಲ್ಲಿನ ಸದ್ದು ನಿಂತಿತು. ಪುಟ್ಟಮ್ಮ ತನ್ನ ಕಡೆಯ ಗೋಡೆ ಹತ್ತಿದಳು. ಜೈನಾಬಿಯ ಮುಖ ಅರಳಿತು.

"ಯಾರ್ಗಮ್ಮಿ ಕಾಳಿ ಕಣ್ ಇಂಗೋಗಿರದು? ಆಡ್ ಓಡಾಡೋ ತಾವು ಸಂಡ್ಗೆ ಆಕೋರು ಯಾರಾರ ಅವ್ರಾ? ಇದ್ನ ತಿಂದು ನನ್ನಾಡ್ಗೆ ಒಟ್ಟೆ ಕೆಟ್ರೆ ಯಾರ್ ನೋಡೋರು? ಉಪ್ಪೇ ಇಲ್ಲ ನಿನ್ ಸಂಡ್ಗೇಲಿ, ತೋಬಾ ತೋಬಾ!"

"ಉಪ್ಪಿಲ್ವಾ? ನೀನ್ ಯಾವಾಗಮ್ಮಿ ತಿಂದ್ ನೋಡಿದ್ದೆ?"

"ಎಲ್ ತಿನ್ಲಿ? ಒಂದ್ ದಪ ಒಳೀಕ್ ಕರ್ದು ಕೂರ್ಸಿದ್ಯಾ? ಯಾವ್ದೋ ಸುಬೇದಾರ್ನ ಎಂಡ್ತಿ ಬಂದವ್ಳೆ ಅನ್ನಂಗೆ ಜಗಲೀಲೇ ನಿಲ್ಸಿ ಕೆಂಡ ಕೊಟ್ಟು ಕಳುಸ್ತಿದ್ದೆ!"

ಈ ಮಾತು ಆಟವಾಗಿರಲಿಲ್ಲ. ಕಾಳಮ್ಮ ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ಇನ್ನೂ ಜೋರಾಗಿ ಕೂಗಿದಳು.

"ಅದ್ನ ಆವತ್ತೇ ಬೊಗಳದಲ್ವಾ ನೀನು? ನಂಗೇನ್ ಕನ್ಸ್ ಬಿದ್ದಿತ್ತಾ? ನಂಗ್ ಬಯ ಕಣಮ್ಮಿ!"

"ಬಯವಾ? ನನ್ ಕಂಡ್ರಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಬ್ಬಳು ಬಡಗಿಯ ಹೆಂಡತಿ, ಇನ್ನೊಬ್ಬಳ ತಲೆಗೂದಲಲ್ಲಿ ಹತ್ತಿಯ ಎಳೆ. ಮೊದಲು ನಕ್ಕವಳು ಜೈನಾಬಿ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೋಡೆಯ ಮೇಲಿದ್ದ ಪುಟ್ಟಮ್ಮ ನಕ್ಕು ನಕ್ಕು ಜಾರಿ ಬಿದ್ದಳು. ಆಡು ಯಾರಿಗೂ ಕಾಯದೆ ಉಳಿದ ಸಂಡಿಗೆ ಮುಗಿಸಿತು.

ಆ ಸಂಜೆ ನಮ್ಮ ನಡುಮನೆಯಲ್ಲಿ ಮೂವರು ಹೆಂಗಸರು ಕಾಲು ಚಾಚಿ ಕೂತಿದ್ದರು. ಆಡು ಬಂದಾಗ ಸುಮ್ಮನೆ ನಿಂತಿದ್ದಕ್ಕೆ ಮೂವರೂ ಸೇರಿ ನನಗೆ ಬೈದರು. ಮಾರನೆಯ ದಿನವೇ ಹುಸೇನ್ ಸಾಬಿಯ ಮನೆ ಮುಂದೆ ಕಂಬ ನೆಟ್ಟೆ. ಹೀಗೆ ಹಾಡು ಗುನುಗುತ್ತ ಹಿಂದೆಂದಾದರೂ ಗುಂಡಿ ತೋಡಿದ್ದು ನನಗೆ ನೆನಪೇ ಇಲ್ಲ.

ಮೊನ್ನೆ ಮದುವೆ ಆಯಿತು, ಇಲ್ಲೇ, ನಮ್ಮ ಬೀದಿಯಲ್ಲೇ. ಮಾಂಸ ತಿನ್ನದ ನಮ್ಮಂಥವರಿಗೆ ಬೇರೆ ಒಲೆ, ಹೊಸ ಮಡಕೆ, ಬೇರೆ ಅಡಿಗೆಯವರು. ಸಾಬರ ಮನೆ ಮದುವೆಗಳಲ್ಲಿ ಇದು ಮೊದಲಿಂದಲೂ ಇರುವ ಪದ್ಧತಿ. ಆ ಒಲೆಯ ಯಜಮಾನಿಕೆ ಈ ಸಲ ಕಾಳಮ್ಮನದು. ಉಪ್ಪಿನ ವಿಷಯದಲ್ಲಿ ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ.

ಗಂಡಿನ ಕಡೆಯ ಹಿರಿಯರೊಬ್ಬರು ಮಾತ್ರ ಬಂದಾಗಿನಿಂದ ಮೂಗು ಮುರಿಯುತ್ತಿದ್ದರು. ಶರಬತ್ತು ನೀರಾಯಿತು, ಚಪ್ಪರ ಗಿಡ್ಡವಾಯಿತು, ಹುಡುಗಿಯ ಕಡೆಯವರಿಗೆ ಉಪಚಾರ ಗೊತ್ತಿಲ್ಲ. ಜೈನಾಬಿ ಹೆಣ್ಣು ಹೆತ್ತವಳು, ಏನೆಂದಾಳು? ಸೌಟು ಹಿಡಿದುಕೊಂಡೇ ಕಾಳಮ್ಮ ಬಂದಳು.

"ಏನ್ ಸಾಬ್ರೆ, ನಮ್ ಉಡ್ಗಿ ಕಡೆಯೋರು ಅಂದ್ರೆ ಬಿಟ್ಟಿ ಬಿದ್ದವ್ರೆ ಅಂದ್ಕಂಡ್ರಾ? ಬಂದಾಗ್ಲಿಂದ ನೋಡ್ತಾವ್ನಿ. ಮೂರ್ ಲೋಟ ಶರಬತ್ತು ಕುಡುದ್ಬುಟ್ಟು ನೀರಾಯ್ತಂತೆ!"

ಹಿರಿಯರು ಕಂಗಾಲಾಗಿ, ಹಣೆಯ ಕುಂಕುಮವನ್ನೂ ಕೈಯ ಸೌಟನ್ನೂ ನೋಡಿ, "ಯೇ ಕೌನ್? ಇವರು ಹುಡುಗಿಗೆ ಏನಾಗಬೇಕು?" ಎಂದು ಕೇಳಿದರು.

"ಖಾಲಾ," ಅಂದಳು ಜೈನಾಬಿ. "ಚಿಕ್ಕವ್ವ. ನನ್ ತಂಗಿ. ಬಾಯಿ ಒಸಿ ಜೋರು, ಮಾಫ್ ಮಾಡ್ಬುಡಿ."

"ಯಾರ್ದಮ್ಮಿ ಬಾಯಿ ಜೋರು?" ಎಂದು ಕಾಳಮ್ಮ ಅವಳ ಕಡೆ ತಿರುಗಿದಳು. ಹಿರಿಯರು ಮೆಲ್ಲಗೆ ಊಟಕ್ಕೆ ಜಾರಿಕೊಂಡರು. ಚಪ್ಪರದಲ್ಲಿ ಎದ್ದ ನಗು ತಗ್ಗಲು ಬಹಳ ಹೊತ್ತಾಯಿತು.

ನೆರೆಯವರನ್ನೆಲ್ಲ ಸಮನಾಗಿ ಕಾಣುತ್ತೇನೆ ಎಂದು ನಾವೆಲ್ಲ ಹೇಳಿಕೊಳ್ಳುತ್ತೇವೆ. ಒಳ್ಳೆಯದು. ಹಾಗಾದರೆ ಹೇಳಿ, ನಿಮ್ಮ ಬೀದಿಯಲ್ಲಿ ನೀವು ಇನ್ನೂ ಒಂದು ಸಲವೂ ಜಗಳವಾಡದ ಮನೆ ಯಾವುದು?